ಮಕ್ಕಳ ಉಡುಗೊರೆಗೆ ಅಮ್ಮನ ಕೈ ತಾಗದಿರಲಿ!

ರಜೆಯಲ್ಲಿ ಮಕ್ಕಳು ರೂಮಿನ ಬಾಗಿಲು ಹಾಕಿಕೊಂಡು ಗುಸುಗುಸು ಮಾತನಾಡುತ್ತಿದ್ದರೆ ನಿಮಗೆ ಏನನ್ನಿಸುತ್ತದೆ? ಏನೋ ಒಡೆದು ಹಾಕಿದ್ದಾರೆ ಅಂತ ತಾನೇ? ಸ್ವಲ್ಪ ತಾಳಿ, ಕ್ಯಾಲೆಂಡರ್ ನೋಡಿ. ಮೇ ತಿಂಗಳ ಎರಡನೇ ಭಾನುವಾರ ಅಮ್ಮಂದಿರ ದಿನ, ಜೂನ್ ತಿಂಗಳ ಮೂರನೇ ಭಾನುವಾರ ಅಪ್ಪಂದಿರ ದಿನ. ಅಮ್ಮಂದಿರ ದಿನ ಬರುವಾಗ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ. ಹೇಳಿಕೊಡಲು ಟೀಚರ್ ಇರುವುದಿಲ್ಲ, ಹಾಗಾಗಿ ಮಕ್ಕಳದ್ದೇ ಕಾರುಬಾರು!

ಅಂಗಡಿಯಲ್ಲಿ ಅಚ್ಚು ಹಾಕಿದ ಕಾರ್ಡ್ ಸಿಗುತ್ತದಲ್ಲ ಎನ್ನಬಹುದು. ಈ ದಿನ ಶುರುವಾಗಲು ಕಾರಣಳಾದ ಅಮೆರಿಕದ ಆನಾ ಜಾರ್ವಿಸ್ ಕಥೆ ಗೊತ್ತೇ? ತೀರಿಕೊಂಡ ತಾಯಿಯ ನೆನಪಿಗೆ 1908ರಲ್ಲಿ ಆಕೆ ಈ ಆಚರಣೆ ಆರಂಭಿಸಿದಳು. 1914ರಲ್ಲಿ ಅದು ಇಡೀ ದೇಶದ ಆಚರಣೆಯಾಯಿತು. ಆಮೇಲೆ ಕಾರ್ಡ್, ಹೂವು, ಮಿಠಾಯಿ ವ್ಯಾಪಾರದವರ ಅಬ್ಬರ ನೋಡಿ ಬೇಸತ್ತು, ತಾನೇ ಶುರುಮಾಡಿದ ದಿನದ ವಿರುದ್ಧ ತಾನೇ ಹೋರಾಟಕ್ಕೆ ನಿಂತಳು. 1948ರಲ್ಲಿ ತೀರಿಕೊಳ್ಳುವವರೆಗೂ ಆ ಸಿಟ್ಟು ಇಳಿದಿರಲಿಲ್ಲವಂತೆ.

ಇರಲಿ, ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾವಿರುವುದು ನಂಜನಗೂಡಿನಲ್ಲಿ. ನಮ್ಮವರಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆಂದು ಒಂದು ಕಾರ್ಡ್ ಮಾಡಿದಳು. ಅಕ್ಷರ ಒಂದು ಮೇಲೆ, ಒಂದು ಕೆಳಗೆ. ಸೂರ್ಯನಿಗೆ ಮೀಸೆ! ನನಗೆ ತಡೆಯಲಾಗಲಿಲ್ಲ. ಅವಳು ಮಲಗಿದ ಮೇಲೆ ಬೇರೆ ಹಾಳೆಯಲ್ಲಿ ಅಂದವಾಗಿ ಬರೆದು, ಅಂಚಿಗೆ ಮಿನುಗು ಅಂಟಿಸಿ ಇಟ್ಟೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದ ಅಪ್ಪ "ಎಷ್ಟು ಚೆನ್ನಾಗಿ ಮಾಡಿದ್ದೀಯ ಪುಟ್ಟಿ" ಎಂದರೆ, "ಅದು ನಾನ್ ಮಾಡಿದ್ದಲ್ಲ, ಅಮ್ಮ ಮಾಡಿದ್ದು" ಎಂದು ಎದ್ದು ಒಳಗೆ ಹೋದಳು. ಮೀಸೆಯ ಸೂರ್ಯ ರದ್ದಿ ಪೇಪರ್ ಜೊತೆ ಆಗಲೇ ಹೋಗಿಯಾಗಿತ್ತು. ಅದನ್ನು ಈಗ ಎಲ್ಲಿಂದ ತರಲಿ ಹೇಳಿ?

ಹಾಗಾದರೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಬೇಕೇ? ಅದೂ ಅಲ್ಲ. ಕೈ ಹಾಕಲೇಬೇಕಾದ ಕಡೆ ಒಂದಿದೆ. ನನ್ನ ತವರು ಟಿ. ನರಸೀಪುರ. ಆ ಊರಿನವರಿಗೆ ಗುಲಗಂಜಿ ಅಂದರೆ ಏನೋ ಒಂದು ಅಭಿಮಾನ. ಅಲ್ಲಿಯ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲೇ ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವುದು ನಂಬಿಕೆ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದೂ ಇದರಲ್ಲೇ. ಒಂದು ರಜೆಯಲ್ಲಿ ಅಜ್ಜಿ ಮನೆಗೆ ಹೋದ ಮಗಳು, ಅಣ್ಣನ ಮಗನ ಜೊತೆ ಸೇರಿ ಬೇಲಿಯಿಂದ ಒಂದು ಹಿಡಿ ಗುಲಗಂಜಿ ಆಯ್ದು ತಂದಿದ್ದಳು. ಇಬ್ಬರೂ ಜಗಲಿಯಲ್ಲಿ ಕೂತು ದಬ್ಬಳದಿಂದ ತೂತು ಕೊರೆಯುತ್ತಿದ್ದಾರೆ! ನಾನು ಓಡಿ ಹೋಗಿ ಕಿತ್ತುಕೊಂಡೆ. "ನಿಂಗೇ ಸರ ಮಾಡ್ತಿದ್ದೆ ಅಮ್ಮಾ" ಎಂದು ಗೋಳೋ ಎಂದು ಅತ್ತಳು.

ಅತ್ತರೂ ಪರವಾಗಿಲ್ಲ, ಇದನ್ನು ಮಾತ್ರ ಬಿಡಬೇಡಿ. ಗುಲಗಂಜಿಯೊಳಗೆ ಅಬ್ರಿನ್ ಎಂಬ ಕಡು ವಿಷವಿದೆ. ಸಿಪ್ಪೆ ಗಟ್ಟಿ ಇರುವುದರಿಂದ ಇಡೀ ಕಾಳು ನುಂಗಿದರೆ ಎಷ್ಟೋ ಸಲ ಹಾಗೇ ಹೊರಗೆ ಹೋಗಿಬಿಡುತ್ತದೆ. ಆದರೆ ತೂತು ಕೊರೆದರೆ, ಜಜ್ಜಿದರೆ, ಅಗಿದರೆ ವಿಷ ಹೊರಬರುತ್ತದೆ. ಚೆನ್ನಾಗಿ ಅಗಿದ ಒಂದೇ ಕಾಳು ಮಗುವಿನ ಪ್ರಾಣಕ್ಕೆ ಕುತ್ತು ತರಬಲ್ಲದು. ಮಗು ಬಾಯಿಗೆ ಹಾಕಿಕೊಂಡಿತು ಎಂಬ ಅನುಮಾನ ಬಂದರೂ ಸಾಕು, ಉಳಿದ ಕಾಳು ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ವಾಂತಿ ಮಾಡಿಸಲು ಕೂರಬೇಡಿ. ಮಗು ಆಡಿಕೊಂಡಿದೆ, ಏನೂ ಆಗಿಲ್ಲ ಎಂದು ಸುಮ್ಮನಿರಲೂ ಬೇಡಿ. ವಾಂತಿ, ಭೇದಿ ಕಾಣಿಸಿಕೊಳ್ಳಲು ಎಷ್ಟೋ ಗಂಟೆ ಹಿಡಿಯಬಹುದು. ಹರಳು ಬೀಜ, ಕಣಗಿಲೆ ಕಾಯಿಗಳೂ ವಿಷವೇ. ಇವೂ ಮಕ್ಕಳ ಆಟದ ಸಾಮಾನಲ್ಲ.

ಅವತ್ತು ಅಳು ನಿಲ್ಲಿಸಿದ್ದು ನಮ್ಮಮ್ಮ. ಬೇಸಿಗೆ ಅಂದರೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕಾಲ. ಒಂದು ಮೊರ ತುಂಬ ಹುಣಸೆ ಬೀಜ ಮುಂದಿಟ್ಟು, "ಇದ್ರಲ್ಲಿ ಏನ್ ಬೇಕಾದ್ರೂ ಮಾಡ್ಕೊಳ್ರಪ್ಪ" ಎಂದರು. ಸರ ಮಾಡಲು ಆಗಲಿಲ್ಲ, ಬೀಜ ಕಲ್ಲಿನಂತೆ ಗಟ್ಟಿ. ಆದರೆ ಅದರಿಂದ ಅಪ್ಪನಿಗೆ ಒಂದು ಚೌಕಾಬಾರದ ಸೆಟ್ ತಯಾರಾಯಿತು. ಇದು ಏಳೆಂಟು ವರ್ಷದ ಮೇಲಿನ ಮಕ್ಕಳು ಪೂರ್ತಿ ತಾವೇ ಮಾಡಬಹುದಾದ ಉಡುಗೊರೆ.

ಹಳೆಯ ಬಿಳಿ ಪಂಚೆಯಲ್ಲಿ ಸುಮಾರು 60 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿಕೊಡಿ (ಕತ್ತರಿ ಕೆಲಸ ಮಾತ್ರ ನಿಮ್ಮದು). ಸುತ್ತ 5 ಸೆಂಟಿಮೀಟರ್ ಅಂಚು ಬಿಟ್ಟು ಸ್ಕೇಲ್, ಪೆನ್ಸಿಲ್‌ನಿಂದ 10 ಸೆಂಟಿಮೀಟರ್‌ನ ಮನೆಗಳನ್ನು ಗುರುತಿಸಿದರೆ ಐದೈದಲಿ ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುವಿನ ಮನೆಗಳಿಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿ, ಫ್ಯಾಬ್ರಿಕ್ ಪೇಂಟ್ ಬಳಿಯುವುದು. ಒಂದು ದಿನ ಒಣಗಿದ ಮೇಲೆ ಬಟ್ಟೆಯ ಹಿಂಬದಿಯಿಂದ ನೀವು ಇಸ್ತ್ರಿ ಹಾಕಿಕೊಡಿ. ಕವಡೆಯ ಬದಲು ನಾಲ್ಕು ಹುಣಸೆ ಬೀಜ. ಒಂದು ಮಗ್ಗುಲನ್ನು ನೀರು ಚಿಮುಕಿಸಿದ ಒರಟು ಕಲ್ಲಿನ ಮೇಲೆ ಬಿಳಿ ಕಾಣುವವರೆಗೆ ತಿಕ್ಕಬೇಕು. ತಾಳ್ಮೆಯ ಕೆಲಸ, ಆದರೆ ಮಕ್ಕಳಿಗೆ ಇದೇ ಖುಷಿ! ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ನಾಲ್ಕು, ನಾಲ್ಕೂ ಕಪ್ಪಾದರೆ ಎಂಟು. ಕಾಯಿಗಳಿಗೆ ನಾಲ್ಕು ಬಣ್ಣದ ಹಳೆ ಗುಂಡಿ, ಒಂದೊಂದು ಬಣ್ಣದ್ದು ನಾಲ್ಕು. ಬಳೆ ಚೂರು ಬೇಡ, ಕೈ ಕುಯ್ಯುತ್ತದೆ. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಬೀಜ, ಗುಂಡಿ ಎರಡನ್ನೂ ಎತ್ತಿಡಿ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನೂ ಚಿಕ್ಕ ಮಕ್ಕಳಿಗೆ ಅರಿಶಿನದ ಕಾರ್ಡ್ ಚೆನ್ನ. ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುವುದು ನಿಮಗೆ ಗೊತ್ತೇ ಇದೆ. ಎನ್‌ಸಿಇಆರ್‌ಟಿಯ ಏಳನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಅಮ್ಮನ ಹುಟ್ಟುಹಬ್ಬಕ್ಕೆ ಕಾರ್ಡ್ ಮಾಡುವ ಇದೇ ಚಟುವಟಿಕೆ ಹಲವು ವರ್ಷ ಇತ್ತು. ಬಿಳಿ ಹಾಳೆಗೆ ಅರಿಶಿನ ಕಲಸಿ ತೆಳ್ಳಗೆ ಬಳಿದು ಒಣಗಿಸಿ. ಬಟ್ಟೆ ಸೋಪು ಕರಗಿಸಿದ ನೀರಿನಲ್ಲಿ ಹತ್ತಿ ಕಡ್ಡಿ ಅದ್ದಿ ಮಗು ಗೀಚಿದ್ದೆಲ್ಲ ಕೆಂಪಾಗಿ ಮೂಡುತ್ತದೆ. ನನ್ನ ಮಗ ಮೊದಲ ಸಲ ಇದನ್ನು ನೋಡಿ "ಮ್ಯಾಜಿಕ್ ಅಮ್ಮಾ!" ಎಂದು ಕುಣಿದಿದ್ದ. ನೆಲಕ್ಕೆ ಹಳೆ ಪೇಪರ್ ಹಾಸುವುದು, ಹಳೆ ಅಂಗಿ ತೊಡಿಸುವುದು ಮರೆಯಬೇಡಿ. ಬಿಸಿಲು ಬೀಳುವ ಕಡೆ ಕಾರ್ಡ್ ಇಟ್ಟರೆ ಬಣ್ಣ ಬೇಗ ಮಾಸುತ್ತದೆ.

ನಂಜನಗೂಡು ಅಂದಮೇಲೆ ರಸಬಾಳೆಯ ಮಾತು ಬರದಿದ್ದರೆ ಹೇಗೆ? ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬಾಳೆ ಇದು. ಆದರೆ ಪನಾಮಾ ರೋಗದಿಂದ ತೋಟಗಳೇ ಕಡಿಮೆಯಾಗಿಬಿಟ್ಟವು. ಕೈಕೆಲಸಕ್ಕೆ ಯಾವ ಬಾಳೆಯಾದರೂ ಸರಿ. ಹೊರಗಿನ ಪಟ್ಟೆ ನೆರಳಲ್ಲಿ ಒಣಗಿಸಿ, ಬೆರಳಗಲ ಸೀಳಿ, ಸ್ವಲ್ಪ ಒದ್ದೆ ಮಾಡಿ ಮೂರೆಳೆ ಜಡೆ ಹೆಣೆದರೆ ಪುಸ್ತಕದ ಗುರುತುಪಟ್ಟಿಯೋ ಬೀಗದ ಕೈ ಗೊಂಚಲೋ ಆಗುತ್ತದೆ. ಹಸಿ ಬಾಳೆಯ ಸೊನೆ ಬಟ್ಟೆಗೆ ತಾಗಿದರೆ ಕರೆ ಹೋಗುವುದಿಲ್ಲ, ಎಚ್ಚರ.

ನನಗೆ ಬಂದ ಉಡುಗೊರೆಗಳಲ್ಲಿ ತುಂಬಾ ಇಷ್ಟವಾದದ್ದಕ್ಕೆ ಒಂದು ಪೈಸೆ ಖರ್ಚಾಗಿಲ್ಲ. ಹೋದ ವರ್ಷದ ನೋಟ್‌ಬುಕ್‌ಗಳಲ್ಲಿ ಉಳಿದ ಖಾಲಿ ಹಾಳೆ ಎಂಟು, ನಡುವೆ ಮಡಿಸಿ, ಮೂರು ತೂತು ಮಾಡಿ ದಪ್ಪ ದಾರದಲ್ಲಿ ಹೊಲಿದ ಪುಟ್ಟ ಪುಸ್ತಕ. ಒಳಗೆ ಮಗಳು ಅಜ್ಜಿಗೆ ಕೇಳಿದ ಪ್ರಶ್ನೆಗಳು, ಅಜ್ಜಿ ಹೇಳಿದ ಉತ್ತರಗಳು. 'ಅಮ್ಮ ಚಿಕ್ಕವಳಿದ್ದಾಗ ಏನು ತಿನ್ನುತ್ತಿರಲಿಲ್ಲ?' 'ಹಾಗಲಕಾಯಿ.' 'ಯಾವುದಕ್ಕೆ ಹೆದರುತ್ತಿದ್ದಳು?' 'ಹೊಳೆಗೆ.' ತ್ರಿವೇಣಿ ಸಂಗಮದ ಊರಿನವಳು ಹೊಳೆಗೆ ಹೆದರುತ್ತಿದ್ದೆ ಎಂಬ ಗುಟ್ಟು ಹೀಗೆ ರಟ್ಟಾಯಿತು! ಕಾಗುಣಿತದ ತಪ್ಪು ಆರು ಇದ್ದವು. ತಿದ್ದಲಿಲ್ಲ. ನಮ್ಮಮ್ಮನಿಗೆ ಈಗ ಮರೆವು ಶುರುವಾಗಿದೆ. ಅದರಲ್ಲಿರುವ ಎಷ್ಟೋ ಮಾತು ಇವತ್ತು ಕೇಳಿದರೆ ಅವರಿಗೇ ನೆನಪಿಲ್ಲ. ನಿಮ್ಮ ಮಕ್ಕಳು ಈ ರಜೆಗೆ ಅಜ್ಜಿ ಮನೆಗೆ ಹೊರಟಿದ್ದರೆ ಬಟ್ಟೆ ಬ್ಯಾಗಿನಲ್ಲಿ ಎಂಟು ಖಾಲಿ ಹಾಳೆ, ಒಂದು ಪೆನ್ಸಿಲ್ ಇಟ್ಟು ಕಳಿಸಿ.

ಅಪ್ಪನ ಉಡುಗೊರೆಯನ್ನು ಹತ್ತು ದಿನ ಮೊದಲೇ ಶುರುಮಾಡಿಸಿ. ಜೂನ್ ಅಂದರೆ ಶಾಲೆ ಶುರುವಾಗಿ ಹೋಂವರ್ಕ್ ಗಲಾಟೆ, ಜೊತೆಗೆ ಮಳೆ ಬಂದರೆ ಬಣ್ಣ ಒಣಗುವುದಿಲ್ಲ. ಬಚ್ಚಿಡಲು ಪಕ್ಕದ ಮನೆಯವರ ಬೀರು ಒಳ್ಳೆಯ ಜಾಗ. ಅವರಿಗೆ ಒಂದು ಮಾತು ಮೊದಲೇ ಹೇಳಿಡಿ, ಅಷ್ಟೇ.