ಪಾಸ್ ದುಡ್ಡು ಕೊಟ್ಟಾಯ್ತು, ಆದರೆ ದಾರಿ ಯಾರದ್ದು?

ಕಳೆದ ಸೈಕಲ್ ಎಪಿಸೋಡ್ ಕೇಳಿದ ಒಬ್ಬರು ಕಳಿಸಿದ ಪ್ರಶ್ನೆ ಇದು: "ಅಮೆರಿಕದಲ್ಲಿ ಮೌಂಟನ್ ಬೈಕ್ ಓಡಿಸೋಕೆ ಕೆಲವು ಕಡೆ ದಿನದ ಪಾಸ್ ತಗೋಬೇಕಂತೆ. ಪಾಸ್ ತಗೊಂಡವರಿಗೂ ಜಮೀನಿನ ಮಾಲೀಕ ನಾಳೆಯಿಂದ ಬರಬೇಡಿ ಅನ್ನಬಹುದಂತೆ. ದುಡ್ಡು ಇಸ್ಕೊಂಡು ಹೀಗೆ ಹೇಳೋದು ಯಾವ ನ್ಯಾಯ?"

ಪ್ರಶ್ನೆಯಲ್ಲೇ ಒಂದು ಗಂಟಿದೆ. ದುಡ್ಡು ಇಸ್ಕೊಂಡವರು ಒಬ್ಬರು, ಬರಬೇಡಿ ಅಂದವರು ಇನ್ನೊಬ್ಬರು. ಆ ಗಂಟು ಬಿಚ್ಚೋದೇ ಇವತ್ತಿನ ಕೆಲಸ. ಮೌಂಟನ್ ಬೈಕ್ ಅಂದರೆ ಇಲ್ಲಿ ಮೋಟಾರ್ ಬೈಕ್ ಅಲ್ಲ, ದಪ್ಪ ಟಯರಿನ, ಕಾಡು ಗುಡ್ಡಗಳಲ್ಲಿ ತುಳಿಯೋ ಸೈಕಲ್. ಅದು ಓಡೋ ಕಿರಿದಾದ ಮಣ್ಣಿನ ದಾರಿಗೆ ಟ್ರೇಲ್ ಅಂತಾರೆ.

ನಾನು ತಗೊಳ್ಳೋ ಉದಾಹರಣೆ ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದ್ದು. ಅಲ್ಲಿ ಈಸ್ಟ್ ಬರ್ಕ್ ಅಂತ ಒಂದು ಹಳ್ಳಿ ಇದೆ. ಅದು ಸೇರಿರುವ ಬರ್ಕ್ ಟೌನ್‌ನ ಒಟ್ಟು ಜನಸಂಖ್ಯೆಯೇ ಎರಡು ಸಾವಿರ ದಾಟಲ್ಲ. ಅಲ್ಲಿ 1994ರಲ್ಲಿ ಕಿಂಗ್‌ಡಮ್ ಟ್ರೇಲ್ಸ್ ಅನ್ನೋ ಲಾಭರಹಿತ ಸಂಸ್ಥೆ ಶುರುವಾಯ್ತು. ಇವತ್ತು ಅದರ ಟ್ರೇಲ್‌ಗಳ ಒಟ್ಟು ಉದ್ದ ಸುಮಾರು 100 ಮೈಲಿ, ಅಂದ್ರೆ 160 ಕಿಲೋಮೀಟರ್ ಆಸುಪಾಸು. 2019ರ ಹೊತ್ತಿಗೆ ಒಂದು ವರ್ಷದಲ್ಲಿ ಲಕ್ಷಕ್ಕೂ ಮೀರಿ ಭೇಟಿಗಳು ದಾಖಲಾಗ್ತಿದ್ದವು. ಕೆನಡಾ ಗಡಿ ಹತ್ತಿರ ಇರೋದ್ರಿಂದ ಕ್ವಿಬೆಕ್‌ನವರೂ ದಂಡಿಯಾಗಿ ಬರ್ತಾರೆ.

ಆದರೆ ಈ ದಾರಿಗಳು ಹಾದು ಹೋಗೋ ನೆಲ ಬಹುಪಾಲು ಸರ್ಕಾರದ್ದೂ ಅಲ್ಲ, ಸಂಸ್ಥೆಯದ್ದೂ ಅಲ್ಲ. ನೂರರ ಆಸುಪಾಸು ಖಾಸಗಿ ಮಾಲೀಕರದ್ದು. ಒಬ್ಬರ ಹುಲ್ಲುಗಾವಲು, ಪಕ್ಕದವರ ಕಾಡು, ಅದರಾಚೆ ಇನ್ನೊಬ್ಬರ ಮನೆ ಹಿತ್ತಲು, ಹೀಗೆ ಒಂದೇ ಸವಾರಿಯಲ್ಲಿ ಹತ್ತಾರು ಜನರ ಗಡಿ ದಾಟಿಬಿಡ್ತೀರಿ, ಗೊತ್ತೂ ಆಗಲ್ಲ. ಸವಾರರು ಪಾಸ್ ತಗೊಳ್ತಾರೆ, ಆ ದುಡ್ಡು ಸಂಸ್ಥೆಗೆ ಹೋಗುತ್ತೆ. ದಾರಿ ಕೆತ್ತೋದು, ಮಳೆನೀರು ಹರಿದುಹೋಗೋ ಹಾಗೆ ಇಳಿಜಾರು ಕೊಡೋದು, ಮರದ ಸೇತುವೆ, ಬೋರ್ಡು, ಕೆಲಸಗಾರರ ಸಂಬಳ, ವಿಮೆ, ಎಲ್ಲಾ ಅದರಿಂದಲೇ. ಜಮೀನು ಬಿಟ್ಟುಕೊಟ್ಟ ಮಾಲೀಕರಿಗೆ ಬಾಡಿಗೆ ಇಲ್ಲ. ಒಂದು ಡಾಲರೂ ಇಲ್ಲ.

ಇದನ್ನ ಮೊದಲ ಸಲ ಓದಿದಾಗ ನನ್ನೊಳಗಿನ ಬಿ.ಕಾಂ ಹುಡುಗ ಎದ್ದು ಕೂತ. ಆಸ್ತಿ ಕೊಟ್ಟವರಿಗೆ ಆದಾಯ ಸೊನ್ನೆ, ಇದೆಂಥ ಲೆಕ್ಕ? ಉತ್ತರ ವರ್ಮಾಂಟಿನ ಕಾನೂನಲ್ಲಿದೆ, ಅದೂ ಒಂದೇ ಪದದಲ್ಲಿ. ಕಾಮರ್ಸ್ ಓದಿದವರಿಗೆಲ್ಲ ಬಿಸಿನೆಸ್ ಲಾ ಕ್ಲಾಸಿನಿಂದ ಪರಿಚಯ ಇರೋ ಪದ: ಕನ್ಸಿಡರೇಷನ್, ನಮ್ಮ ಪಠ್ಯಪುಸ್ತಕದ ಭಾಷೆಯಲ್ಲಿ 'ಪ್ರತಿಫಲ'. ನಮ್ಮ 1872ರ ಕರಾರು ಕಾಯ್ದೆಯಲ್ಲಿ ಪ್ರತಿಫಲ ಇಲ್ಲದ ಒಪ್ಪಂದ, ಕೆಲವು ವಿನಾಯಿತಿ ಬಿಟ್ಟರೆ, ಶೂನ್ಯ. ಅಂದ್ರೆ ಪ್ರತಿಫಲ ಬಂದರೆ ಬಲ ಬರುತ್ತೆ. ವರ್ಮಾಂಟಿನ ಜಮೀನಿನ ಮಾಲೀಕರ ಪಾಲಿಗೆ ಇದು ಪೂರಾ ಉಲ್ಟಾ. ಪ್ರತಿಫಲ ಬಂದರೆ ಅವರ ರಕ್ಷಣೆ ಹೋಗುತ್ತೆ.

ಹೇಗೆ ಅಂದ್ರೆ, ಯಾರಾದ್ರೂ ಪ್ರತಿಫಲ ಕೊಡದೆ ನಿಮ್ಮ ಜಮೀನಿಗೆ ಮನರಂಜನೆಗಾಗಿ ಬಂದು ಬಿದ್ದು ಕೈಕಾಲು ಮುರಿದುಕೊಂಡರೆ ನೀವು ಹೊಣೆಯಲ್ಲ, ನೀವು ಬೇಕಂತಲೇ ಅಥವಾ ತೀರಾ ಬೇಜವಾಬ್ದಾರಿಯಿಂದ ಅಪಾಯ ತಂದಿಟ್ಟಿದ್ದರೆ ಮಾತ್ರ ಹೊಣೆ ಅಂತ ಅಲ್ಲಿನ ಕಾನೂನು ಹೇಳುತ್ತೆ. ಪ್ರವೇಶಕ್ಕೆ ಅಂತ ನೀವೇ ಶುಲ್ಕ ತಗೊಂಡ್ರೋ, ಈ ಕವಚ ಕಳಚಿತು. ಆಗ ನೀವು ಮಾಮೂಲಿ ವ್ಯಾಪಾರಿ, ಬಿದ್ದವರು ಗ್ರಾಹಕ, ಮುಂದೆ ವಕೀಲರು.

ಒಂದು ಕಚ್ಚಾ ಲೆಕ್ಕ ಹಾಕೋಣ. ಪಾಸ್ 15 ಡಾಲರ್ ಅಂದುಕೊಳ್ಳಿ. ಸಂಸ್ಥೆಗೆ ಒಂದು ಪೈಸೆ ಉಳಿಸದೆ ಅಷ್ಟನ್ನೂ ನೂರು ಮಾಲೀಕರಿಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದು ಪಾಸಿಗೆ 15 ಸೆಂಟ್. ಹತ್ತು ಸಾವಿರ ಪಾಸ್ ಮಾರಿದರೆ ವರ್ಷಕ್ಕೆ 1,500 ಡಾಲರ್. ಅಮೆರಿಕದಲ್ಲಿ ಮುರಿದ ಒಂದು ಕಾಲಿನ ಆಸ್ಪತ್ರೆ ಬಿಲ್ಲು ಇದನ್ನ ಮೊದಲ ದಿನವೇ ನುಂಗಿಬಿಡುತ್ತೆ. ದುಡ್ಡು ಬೇಡ ಅನ್ನೋದು ಅಲ್ಲಿ ಬರೀ ಔದಾರ್ಯ ಅಲ್ಲ, ಲೆಕ್ಕಾಚಾರವೂ ಹೌದು. ಹಾಗಂತ ಔದಾರ್ಯ ಸುಳ್ಳು ಅಂತಲ್ಲ. ಯಾರೂ ಅವರನ್ನ ಬಲವಂತ ಮಾಡಿಲ್ಲ, ಗೇಟು ಹಾಕಿ ಸುಮ್ಮನಿರಬಹುದಿತ್ತು.

ಈಗ 2019ಕ್ಕೆ ಬರೋಣ. ಜನ ಹೆಚ್ಚಾದರು. ಡಾರ್ಲಿಂಗ್ ಹಿಲ್ ಅನ್ನೋ ಗುಡ್ಡ ಆ ಜಾಲದ ಮಧ್ಯಭಾಗ, ನೋಟ ಚೆನ್ನಾಗಿರೋ ಜಾಗ. ಅಲ್ಲಿನ ರಸ್ತೆ ತುಂಬಾ ಸೈಕಲ್ಲು, ಕಾರು. ಕುದುರೆ ಸವಾರಿ ಮಾಡೋರಿಗೂ ಸೈಕಲ್ ಸವಾರರಿಗೂ ಕಿರಿಕಿರಿ. ಕುದುರೆ ಬೆದರುವ ಪ್ರಾಣಿ, ಹಿಂದಿನಿಂದ ಸದ್ದಿಲ್ಲದೆ ಸೈಕಲ್ ನುಗ್ಗಿದರೆ ಮೇಲೆ ಕೂತವರ ಪ್ರಾಣಕ್ಕೇ ಸಂಚಕಾರ. ಸ್ವಲ್ಪ ನಿಧಾನ ಹೋಗಿ ಅಂತ ಕೇಳಿಕೊಂಡವರಿಗೆ ಒರಟು ಉತ್ತರ ಸಿಕ್ಕಿದ್ದೂ ಇದೆ. ಆ ವರ್ಷ ಡಿಸೆಂಬರ್‌ನಲ್ಲಿ ಅಕ್ಕಪಕ್ಕದ ಮೂವರು ಮಾಲೀಕರು ತಮ್ಮ ಜಮೀನಿನಲ್ಲಿ ಸೈಕಲ್ ಬೇಡ ಅಂದರು. ನಡೆಯೋರು ಬರಬಹುದು, ಹಿಮದಲ್ಲಿ ಸ್ಕೀ ಮಾಡೋರು ಬರಬಹುದು, ಸೈಕಲ್ ಮಾತ್ರ ಬೇಡ. ನೂರರಲ್ಲಿ ಮೂವರು, ಅಷ್ಟೇ. ಆದರೆ ಅವರ ನೆಲ ಇದ್ದದ್ದು ಜಾಲದ ನಡುವೆ. ನಡುವಿನ ಕೊಂಡಿ ಹೋದರೆ ಎರಡೂ ಕಡೆಯ ದಾರಿಗಳು ಒಂದನ್ನೊಂದು ಮುಟ್ಟೋದೇ ಇಲ್ಲ. ಪ್ರತಿವರ್ಷ ಅಲ್ಲಿ ಆಗ್ತಿದ್ದ ದೊಡ್ಡ ಸೈಕಲ್ ಹಬ್ಬವನ್ನೂ ಮುಂದಿನ ವರ್ಷಕ್ಕೆ ಬೇಡ ಅಂದುಬಿಟ್ಟರು.

ಸವಾರರ ಸಿಟ್ಟು ನನಗೆ ಅರ್ಥ ಆಗುತ್ತೆ. ಮೂರು ಗಂಟೆ ಕಾರು ಓಡಿಸಿಕೊಂಡು ಬಂದು, ಪಾಸ್ ತಗೊಂಡು, ಹೋಟೆಲಿಗೂ ಊಟಕ್ಕೂ ಖರ್ಚು ಮಾಡಿದವರಿಗೆ 'ನಾನು ಕೊಟ್ಟಿದ್ದೀನಲ್ಲ' ಅನ್ನಿಸೋದು ಸಹಜ. ಆದರೆ ಆ ದುಡ್ಡು ಎಲ್ಲೆಲ್ಲಿ ಹೋಯ್ತು ನೋಡಿ: ಸಂಸ್ಥೆಗೆ, ಹೋಟೆಲಿಗೆ, ಬಿಯರ್ ಅಂಗಡಿಗೆ, ಸೈಕಲ್ ಅಂಗಡಿಗೆ. ಧೂಳು, ಗಲಾಟೆ, ಗೇಟಿನ ಮುಂದೆ ನಿಲ್ಲಿಸಿದ ಕಾರು ಮಾತ್ರ ಉಚಿತವಾಗಿ ದಾರಿ ಬಿಟ್ಟವರ ಪಾಲಿಗೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಎಕ್ಸ್‌ಟರ್ನಾಲಿಟಿ ಅಂತಾರೆ. ನಮ್ಮಜ್ಜಿ ಇದ್ದಿದ್ದರೆ 'ಉಂಡವರು ಒಬ್ಬರು, ಎಲೆ ಎತ್ತೋರು ಇನ್ನೊಬ್ಬರು' ಅಂದಿರೋರು.

ನನ್ನ ಅಭಿಪ್ರಾಯ ಹೇಳ್ತೀನಿ: ಇಲ್ಲಿ ಪಾಸೇ ಒಂದು ತಪ್ಪು ಭಾವನೆ ಹುಟ್ಟಿಸುತ್ತೆ. ಪುಕ್ಕಟೆ ಬಂದವನು ಅತಿಥಿ ಥರ ಇರ್ತಾನೆ, ಟಿಕೆಟ್ ತಗೊಂಡವನು ಯಜಮಾನನ ಥರ. ಹಾಗಂತ ಪಾಸ್ ತೆಗೆದುಹಾಕಿದರೆ ದಾರಿ ರಿಪೇರಿಗೆ ದುಡ್ಡಿಲ್ಲ, ಎರಡು ಮಳೆಗಾಲಕ್ಕೆ ಟ್ರೇಲ್ ಹೋಗಿ ಚರಂಡಿ ಆಗುತ್ತೆ. ಹಾಗಾಗಿ ಪಾಸ್ ಇರಲಿ, ಆದರೆ ಅದು ಯಾವುದಕ್ಕೆ ಅಂತ ಕೌಂಟರ್‌ನಲ್ಲೇ ಗೊತ್ತಾಗಬೇಕು. ನೀವು ಕೊಟ್ಟದ್ದು ಸಲಿಕೆ ಹಿಡಿದವರ ಕೂಲಿಗೆ, ನೆಲಕ್ಕಲ್ಲ.

ಇದಕ್ಕೆ ಶಾಶ್ವತ ದಾರಿ ಇಲ್ವಾ? ಇದೆ. ವರ್ಮಾಂಟಿನ ಅದೇ ಕಾನೂನು ಒಂದು ಕಿಟಕಿ ತೆರೆದಿಟ್ಟಿದೆ. ಮಾಲೀಕ ತನ್ನ ಜಮೀನಿನ ಮೇಲೆ ಶಾಶ್ವತ ಮನರಂಜನಾ ಹಕ್ಕನ್ನ ಬರೆದುಕೊಟ್ಟು ಅದಕ್ಕೆ ಹಣ ಪಡೆದರೆ ಅದು ಪ್ರತಿಫಲ ಅನ್ನಿಸಿಕೊಳ್ಳಲ್ಲ, ಕವಚ ಹಾಗೇ ಇರುತ್ತೆ. ಸವಾರರಿಂದ ಆದ ಹಾನಿಗೆ ಪರಿಹಾರ ತಗೊಂಡ್ರೂ ಹಾಗೆಯೇ. ಆದರೆ ಶಾಶ್ವತ ಅಂದ್ರೆ ಶಾಶ್ವತ. ಮಗ, ಮೊಮ್ಮಗ, ನಾಳೆ ಜಮೀನು ಕೊಳ್ಳೋನು, ಎಲ್ಲರಿಗೂ ಅಂಟಿಕೊಳ್ಳುತ್ತೆ. 'ಈ ವರ್ಷ ಬರಲಿ ನೋಡೋಣ' ಅನ್ನೋ ಮಾಲೀಕ ಅಂಥ ಪತ್ರಕ್ಕೆ ಸುಲಭವಾಗಿ ಸಹಿ ಹಾಕಲ್ಲ.

ಇನ್ನು ಈ ತಲೆನೋವೇ ಬೇಡ ಅಂತ ಕಾನೂನಿನಿಂದಲೇ ಗೇಟು ತೆಗೆಸಿದ ದೇಶವೂ ಇದೆ. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಂಡರೆ ಹೆಚ್ಚಿನ ಜಮೀನಿನಲ್ಲಿ ಸೈಕಲ್ ಓಡಿಸೋದು ಹಕ್ಕು, ಅನುಮತಿ ಕೇಳಬೇಕಿಲ್ಲ. ಪಕ್ಕದ ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ 2000ದ ಕಾಯ್ದೆ ತೆರೆದ ಬೆಟ್ಟಬಯಲುಗಳಲ್ಲಿ ಕೊಟ್ಟ ಸ್ವಾತಂತ್ರ್ಯ ನಡೆಯೋರಿಗೆ ಮಾತ್ರ. ಸೈಕಲ್‌ಗೆ 1968ರಿಂದ ಕುದುರೆ ದಾರಿಗಳಲ್ಲಿ ಅವಕಾಶ ಇದೆ, ಅಲ್ಲೂ ಕುದುರೆಗೆ, ನಡೆಯೋರಿಗೆ ದಾರಿ ಬಿಡಬೇಕು.

ನಮ್ಮ ಕಡೆ? ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ 'ತೋಟದೊಳಗೆ ಸೈಕಲ್ ಓಡಿಸಿ' ಅನ್ನೋದನ್ನ ನೀವೂ ನೋಡಿರ್ತೀರಿ. ವರ್ಮಾಂಟಿನ ಥರ ಪುಕ್ಕಟೆ ದಾರಿ ಬಿಟ್ಟ ಮಾಲೀಕನನ್ನ ಕಾಪಾಡೋ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ನಮ್ಮಲ್ಲಿ ಇರೋದು 1882ರ ಈಸ್‌ಮೆಂಟ್ ಕಾಯ್ದೆ. ಅದರ ಪ್ರಕಾರ ಬರೀ ಅನುಮತಿ ಅನ್ನೋದು ಲೈಸೆನ್ಸ್, ಸಾಮಾನ್ಯವಾಗಿ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು. ಆದರೆ ಅನುಮತಿ ಪಡೆದವನು ಅದನ್ನ ನಂಬಿ ಖರ್ಚು ಮಾಡಿ ಶಾಶ್ವತವಾದ ಕೆಲಸ ಏನಾದ್ರೂ ಕಟ್ಟಿದ್ದರೆ ವಾಪಸ್ ತಗೊಳ್ಳೋಕೆ ಬರಲ್ಲ. ದುಡ್ಡು ತಗೊಂಡು ಕೊಟ್ಟ ಅನುಮತಿಯನ್ನ, ಅವನ ತಪ್ಪಿಲ್ಲದೆ, ಪೂರ್ತಿ ಅನುಭವಿಸೋ ಮೊದಲೇ ಕಸಿದುಕೊಂಡರೆ ಪರಿಹಾರ ಕೇಳಬಹುದು. ಜೊತೆಗೆ ಯಾರ ಅನುಮತಿಯೂ ಇಲ್ಲದೆ, ಹಕ್ಕು ಅನ್ನೋ ಹಾಗೆ, ತಡೆಯಿಲ್ಲದೆ 20 ವರ್ಷ ಬಳಸಿದ ದಾರಿ ಹಕ್ಕಾಗಿಯೇ ನಿಲ್ಲಬಹುದು. ತೋಟದ ಮಾಲೀಕರು ಕಾಲುದಾರಿಗೂ ಬೇಲಿ ಹಾಕೋದನ್ನ ನೋಡಿ ಜಿಪುಣತನ ಅಂತ ಬೈಯೋ ಮುಂಚೆ ಇದನ್ನ ನೆನಪಿಟ್ಟುಕೊಳ್ಳಿ, ಅವರ ಭಯಕ್ಕೆ ಕಾನೂನಿನ ಆಧಾರ ಇದೆ. ಅದಕ್ಕೇ ಸೈಕಲ್ ಗುಂಪುಗಳು ಬಾಯಿಮಾತಿನಲ್ಲಿ ಬಿಡದೆ ಒಂದು ಹಾಳೆಯಲ್ಲಿ 'ಇದು ಅನುಮತಿ ಮಾತ್ರ, ಇಷ್ಟು ತಿಂಗಳಿಗೆ' ಅಂತ ಬರೆದುಕೊಟ್ಟರೆ ಮಾಲೀಕರಿಗೂ ಧೈರ್ಯ. ವಕೀಲರಿಗೆ ಒಮ್ಮೆ ತೋರಿಸಿ, ನಾನು ಬಿ.ಕಾಂ ಅಷ್ಟೇ.

ಇನ್ನೊಂದು ವಿಷಯ. ತೋಟದ ಟ್ರೇಲ್ ಎಷ್ಟೋ ಸಲ ಪಕ್ಕದವರ ತೋಟಕ್ಕೂ ನುಗ್ಗಿರುತ್ತೆ. ನೀವು ದುಡ್ಡು ಕೊಟ್ಟಿದ್ದು ಮೊದಲನೆಯವರಿಗೆ. ಪಕ್ಕದವರನ್ನ ಕೇಳಿದ್ದೀರಾ ಅಂತ ಹೋಮ್‌ಸ್ಟೇಯವರನ್ನ ಸೈಕಲ್ ಹತ್ತೋ ಮುಂಚೆ ಒಂದು ಮಾತು ಕೇಳಿ.