ಚಪ್ಪೆಯ ಕೀಲು ಬದಲಿ: ದೊಡ್ಡ ಸೀಳೋ, ಸಣ್ಣ ಸೀಳೋ?



ವಯಸ್ಸಾದಂತೆ ಕೆಲವರಿಗೆ ಚಪ್ಪೆಯ ಕೀಲು ಸವೆದು ನಡೆಯುವುದೇ ಕಷ್ಟವಾಗುತ್ತದೆ. ಗುಳಿಗೆ, ವ್ಯಾಯಾಮ, ಊರುಗೋಲುಗಳಿಂದ ಗುಣ ಕಾಣದಿದ್ದರೆ ಡಾಕ್ಟರರು ಕೀಲು ಬದಲಿಸುವ ಶಸ್ತ್ರಕ್ರಿಯೆ ಸೂಚಿಸುತ್ತಾರೆ. ಆಗ ದೊಡ್ಡ ಸೀಳಿನದು ಬೇಕೋ, ಸಣ್ಣ ಸೀಳಿನದು ಬೇಕೋ ಎಂಬ ಪ್ರಶ್ನೆ ಏಳುತ್ತದೆ. ಕಬ್ಬಿನ ಬಿಲ್ಲಿನ ಹಣವನ್ನು ಇದಕ್ಕೆ ಹಾಕುವ ಮೊದಲು ಎರಡರ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ತೊಡೆ ಎಲುಬಿನ ಮೇಲ್ತುದಿಯ ಗುಂಡು ಚಪ್ಪೆಯ ಎಲುಬಿನ ಬಟ್ಟಲಿನಲ್ಲಿ ತಿರುಗುತ್ತದೆ. ಸವೆದ ಗುಂಡನ್ನು ತೆಗೆದು, ಹೊಸ ಗುಂಡು ಮತ್ತು ಹೊಸ ಬಟ್ಟಲನ್ನು ಕೂಡ್ರಿಸುವುದೇ ಈ ಶಸ್ತ್ರಕ್ರಿಯೆ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು 1962ರಲ್ಲಿ ಲೋಹದ ಗುಂಡು, ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು ಬಳಸಿ ಇದಕ್ಕೆ ಭದ್ರ ತಳಹದಿ ಹಾಕಿದರು.

ರೂಢಿಯ ಪದ್ಧತಿಯಲ್ಲಿ ಸೀಳು ಸುಮಾರು 20ರಿಂದ 25 ಸೆಂ.ಮೀ. ಇರುತ್ತದೆ. ಸಣ್ಣ ಸೀಳಿನ ಪದ್ಧತಿಯಲ್ಲಿ ಸುಮಾರು 10 ಸೆಂ.ಮೀ. ಅಥವಾ ಅದಕ್ಕೂ ಕಡಿಮೆ. ಇದರ ಕೆಲವು ವಿಧಾನಗಳಲ್ಲಿ ಸ್ನಾಯುಗಳನ್ನು ಕತ್ತರಿಸದೆ, ಅವುಗಳ ನಡುವಿನಿಂದಲೇ ಕೀಲನ್ನು ಮುಟ್ಟುತ್ತಾರೆ. ಒಳಗೆ ಕೂಡ್ರಿಸುವ ಕೀಲು ಮಾತ್ರ ಎರಡರಲ್ಲಿಯೂ ಒಂದೇ ತರದ್ದು.

ಸ್ನಾಯು ಉಳಿಸುವ ವಿಧಾನದಲ್ಲಿ ಮೊದಲ ಕೆಲವು ವಾರ ನೋವು ಕಡಿಮೆಯಾಗಿ, ಬೇಗ ನಡೆದಾಡಲು ಅನುಕೂಲವಾಗಬಹುದು. ಕೆಲವು ತಿಂಗಳು ಕಳೆದ ಮೇಲೆ ಎರಡೂ ತರದವರ ನಡಿಗೆಯಲ್ಲಿ ಹೆಚ್ಚಿನ ಅಂತರ ಉಳಿಯುವುದಿಲ್ಲ. ಇನ್ನೊಂದು ಮಾತು: ಸೀಳು ಸಣ್ಣದಾದಷ್ಟೂ ವೈದ್ಯರಿಗೆ ಒಳಭಾಗ ಕಾಣುವುದು ಕಡಿಮೆ. ಕೈ ಪಳಗದಿದ್ದರೆ ಬಟ್ಟಲು ಓರೆಯಾಗಿ ಕೂಡಬಹುದು, ತೊಡೆ ಎಲುಬು ಬಿರುಕು ಬಿಡಬಹುದು, ನರಕ್ಕೆ ಪೆಟ್ಟಾಗಬಹುದು. ಓರೆಯಾಗಿ ಕೂತ ಕೀಲು ಜಾರುವ, ಬೇಗ ಸವೆಯುವ ಭಯವಿದೆ. ಮೈ ಬಹಳ ದಪ್ಪ ಇದ್ದವರಿಗೆ, ಎಲುಬು ವಿಕಾರಗೊಂಡವರಿಗೆ ಸಣ್ಣ ಸೀಳು ಸಾಮಾನ್ಯವಾಗಿ ಹೊಂದುವುದಿಲ್ಲ.

ಬದಲಿಸಿದ 10 ಕೀಲುಗಳಲ್ಲಿ ಸುಮಾರು 9 ಕೀಲುಗಳು 15 ವರ್ಷದ ಮೇಲೂ ಕೆಲಸ ಮಾಡುತ್ತಿರುತ್ತವೆ. ಅಷ್ಟು ಕಾಲ ಬಾಳಿಕೆ ಬರಬೇಕಾದರೆ ಕೀಲು ನೆಟ್ಟಗೆ ಕೂಡಬೇಕು. ಚರ್ಮದ ಮೇಲಿನ ಗಾಯದ ಉದ್ದ ಅಷ್ಟು ಮುಖ್ಯವಲ್ಲ.

ಆದ್ದರಿಂದ ಡಾಕ್ಟರರನ್ನು ಹೀಗೆ ಕೇಳಿರಿ: ತಾವು ಯಾವ ಪದ್ಧತಿಯಲ್ಲಿ ಹೆಚ್ಚು ಶಸ್ತ್ರಕ್ರಿಯೆ ಮಾಡಿದ್ದೀರಿ? ನನ್ನ ಎಲುಬಿಗೆ ಯಾವುದು ಹೊಂದುತ್ತದೆ? ಸಣ್ಣ ಸೀಳಿಗೆ ಹೆಚ್ಚಿನ ಹಣ ಕೇಳಿದರೆ ಯಾತಕ್ಕೆಂದು ವಿಚಾರಿಸಿರಿ. ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆಗೆ ಸೇರಿದ ಆಸ್ಪತ್ರೆಯಾದರೆ, ಸವಲತ್ತು ಸಿಗುವುದೋ ಹೇಗೆ ಎಂದು ಅಲ್ಲಿಯ ಆರೋಗ್ಯಮಿತ್ರರಲ್ಲಿ ಮೊದಲೇ ತಿಳಿದುಕೊಳ್ಳಿರಿ.

ಪದ್ಧತಿ ಯಾವುದೇ ಇರಲಿ, ಸಕ್ಕರೆ ರೋಗ ಹತೋಟಿಯಲ್ಲಿರಬೇಕು. ಹುಳುಕು ಹಲ್ಲಿಗೆ ಮೊದಲೇ ಚಿಕಿತ್ಸೆಯಾಗಬೇಕು. ಡಾಕ್ಟರರು ಒಪ್ಪುವವರೆಗೆ ಕುಕ್ಕರಗಾಲಿನಲ್ಲಿ ಕೂಡಬಾರದು, ಟ್ರ್ಯಾಕ್ಟರ್ ಹತ್ತಬಾರದು.