ಅರಳುಮರಳೆಂಬ ಮಾತಿನ ಹಿಂದೆ

‘ಅರವತ್ತಕ್ಕೆ ಅರಳುಮರಳು’ ಎಂದು ನಕ್ಕು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಆಗತಾನೆ ಉಂಡೆದ್ದ ಅಜ್ಜಿ ‘ನನಗಿನ್ನೂ ಬಡಿಸಿಲ್ಲ’ ಎಂದರೆ ವಯೋಧರ್ಮವೆಂದುಕೊಳ್ಳುತ್ತೇವೆ. ಆದರೆ ಮರೆವೆಲ್ಲವೂ ಮುಪ್ಪಲ್ಲ. ಇಂಥದೇ ಮರೆವಿನಿಂದ ನರಳಿ ತೀರಿಕೊಂಡ ಮಹಿಳೆಯೊಬ್ಬಳ ಮಿದುಳಿನಲ್ಲಿ ಕಂಡ ವಿಚಿತ್ರ ಶೇಖರಣೆಗಳನ್ನು ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿಯೇ ವಿವರಿಸಿದ್ದರು.

ಅವು ಪ್ರೋಟೀನಿನ ಗಂಟುಗಳು. ಮಿದುಳಿನಲ್ಲಿ ಹುಟ್ಟುವ ಅಮೈಲಾಯ್ಡ್ ಬೀಟಾ ಎಂಬುದು ಸುಮಾರು 40 ಅಮೈನೋ ಆಮ್ಲಗಳ ಪುಟ್ಟ ಸರ. ಇಂಥ ಸರಗಳು ಒಂದಕ್ಕೊಂದು ಅಂಟಿ ಮೊದಲು ಸಣ್ಣ ಮುದ್ದೆಗಳಾಗಿ, ಕೊನೆಗೆ ನಾರಿನಂಥ ಎಳೆಗಳಾಗುತ್ತವೆ. ಮರೆವು ತೋರುವ ಎಷ್ಟೋ ವರ್ಷ ಮೊದಲೇ ಇದು ಆರಂಭವಾಗಿರುತ್ತದೆ. ಹೆಚ್ಚಿನ ಹಾನಿ ಸಣ್ಣ ಮುದ್ದೆಗಳಿಂದಲೇ ಎಂಬುದು ಅನೇಕ ವಿಜ್ಞಾನಿಗಳ ಮತ. ಅವುಗಳ ಗಾತ್ರವೋ ಬಗೆಬಗೆ. ಒಟ್ಟಾಗಿ ಅಳೆದರೆ ಸರಾಸರಿಯಷ್ಟೇ ದೊರೆಯುತ್ತದೆ. ಒಂದೊಂದನ್ನೇ ಎಣಿಸುವ ಉಪಾಯವೇ ನ್ಯಾನೋರಂಧ್ರ.

ಆದವಾನಿಯ ಹತ್ತಿ ಮಾರುಕಟ್ಟೆಗೆ ಒಂದೇ ಬಾಗಿಲಿದೆಯೆಂದು ಊಹಿಸೋಣ. ಜನ ಎಡೆಬಿಡದೆ ಒಳಸೇರುತ್ತಿದ್ದಾರೆ. ನಡುವೆ ಹತ್ತಿಯ ಬಂಡಿ ಹೊಕ್ಕರೆ ಜನಪ್ರವಾಹ ತಗ್ಗುತ್ತದೆ. ಬಂಡಿ ಕಣ್ಣಿಗೆ ಬೀಳದಿದ್ದರೂ, ಪ್ರವಾಹ ಎಷ್ಟು ತಗ್ಗಿತು, ಎಷ್ಟು ಹೊತ್ತು ತಗ್ಗಿತು ಎಂಬುದರಿಂದಲೇ ಹೇರಿನ ಗಾತ್ರವನ್ನು ಅಂದಾಜು ಮಾಡಬಹುದು. ಇಲ್ಲಿಯ ಬಾಗಿಲು, ಸಿಲಿಕಾನ್ ನೈಟ್ರೈಡಿನ ತೆಳುಪೊರೆಯಲ್ಲಿ ಕೊರೆದ, ಕೆಲವೇ ನ್ಯಾನೋಮೀಟರ್ ಅಗಲದ ತೂತು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲೇ ನ್ಯಾನೋಮೀಟರ್. ಪೊರೆಯ ಎರಡೂ ಕಡೆ ಉಪ್ಪುನೀರು. ವಿದ್ಯುತ್ತು ಹಾಯಿಸಿದಾಗ ಹರಿಯುವ ಅಯಾನುಗಳೇ ಜನಪ್ರವಾಹ. ಪ್ರೋಟೀನಿನ ಮುದ್ದೆಯೇ ಬಂಡಿ. ರಕ್ತಕಣಗಳನ್ನೆಣಿಸಲು ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ವಿಧಾನದ ತತ್ತ್ವವೂ ಇದೇ. ನ್ಯಾನೋರಂಧ್ರಗಳ ಸಂಶೋಧನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ನಡೆದಿದೆ.

ಆದರೆ ಪ್ರೋಟೀನು ತೂತಿನ ಅಂಚಿಗೇ ಅಂಟಿಕೊಳ್ಳುವುದುಂಟು. ಕ್ಷಣಾರ್ಧದಲ್ಲಿ ದಾಟಿಹೋಗಿ ಲೆಕ್ಕ ತಪ್ಪಿಸುವುದೂ ಉಂಟು. ಆದ್ದರಿಂದ ಇದು ಇನ್ನೂ ಪ್ರಯೋಗಾಲಯದ ಸಾಧನ. ನಮ್ಮೂರ ಆಸ್ಪತ್ರೆಯ ಪರೀಕ್ಷೆಯಲ್ಲ.

ಅಲ್ಲಿಯವರೆಗೆ ಮನೆಯವರ ಕಣ್ಣೇ ಮೊದಲ ಸಾಧನ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷಗಳಿಂದಲೂ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆಯುಂಟು. ಆದ್ದರಿಂದ ಹಿರಿಯರನ್ನು ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯುವುದು ಲೇಸು.

ಸಮಾಧಾನದ ಸಂಗತಿಯೊಂದಿದೆ. ಹೈದರಾಬಾದಿನಲ್ಲಿ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ಮರೆವಿನ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಓದುಬರಹ ಅರಿಯದವರಲ್ಲಿಯೂ ಈ ಅಂತರ ಕಂಡಿತ್ತು. 1953ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಆದವಾನಿ, ಆಲೂರುಗಳ ನಾವು ಹೊರಗೆ ತೆಲುಗು, ಒಳಗೆ ಕನ್ನಡ ಆಡುತ್ತ ಬಂದವರು. ಅಜ್ಜಿಯೊಡನೆ ಮೊಮ್ಮಕ್ಕಳು ಕನ್ನಡದಲ್ಲಿ ನಾಲ್ಕು ಮಾತಾಡಿದರೆ ಇಬ್ಬರಿಗೂ ಒಳಿತೇ.